ಕಾರು ‘ವಿದ್ಯುತ್ತು ಬೇಡ’ ಎನ್ನುವುದೇಕೆ?

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳೋಣ. ಸುಳ್ಯದ ಸಮೀಪದ ತೋಟದ ಮನೆಯೊಂದರಲ್ಲಿ ವಿದ್ಯುತ್ ಕಾರಿಗೆ ಚಾರ್ಜರನ್ನು ಜೋಡಿಸಿದ್ದಾರೆ. ಬೆಳಗಾಗುತ್ತಲೇ ರೋಗಿಯೊಬ್ಬರನ್ನು ಮಂಗಳೂರಿಗೆ ಕರೆದೊಯ್ಯಬೇಕಾಗಿದೆ. ಆದರೆ ಕಾರು ವಿದ್ಯುತ್ತನ್ನು ಸ್ವೀಕರಿಸದು; ದೋಷಸೂಚಕ ದೀಪ ಮಾತ್ರ ಬೆಳಗುತ್ತಿದೆ. ಕೆಟ್ಟಿರುವುದು ಯಾವುದು? ಇದನ್ನು ಅರಿಯಬೇಕಾದರೆ ಕಾರೂ ಚಾರ್ಜರೂ ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ನಾವು ಮೊದಲು ತಿಳಿಯಬೇಕು.

ನಮ್ಮ ದೇಶದ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ‘ಟೈಪ್ 2’ ಚಾರ್ಜಿಂಗ್ ಕಿಂಡಿಯಲ್ಲಿ ಏಳು ಸಂಪರ್ಕಗಳಿಗೆ ಸ್ಥಳವಿದೆ. ನಾಲ್ಕು ವಿದ್ಯುತ್ತನ್ನು ಒಯ್ಯಲು, ಒಂದು ಭೂಸಂಪರ್ಕಕ್ಕೆ. ಉಳಿದೆರಡು ಸಂದೇಶಕ್ಕೆ ಮೀಸಲು. ಮೊದಲ ಸಂದೇಶತಂತಿಯಲ್ಲಿ ಚಾರ್ಜರು 12 ವೋಲ್ಟುಗಳನ್ನು ಇರಿಸಿ ಕಾಯುತ್ತದೆ. ಕಾರು ಕೂಡಿದೊಡನೆ ಅದು 9ಕ್ಕೆ ಇಳಿಯುತ್ತದೆ; ಕಾರು ಸಿದ್ಧವಾದಾಗ 6ಕ್ಕೆ. ಆ ಬಳಿಕವೇ ಮುಖ್ಯ ಪ್ರವಾಹ ಹರಿಯುವುದು. ಎರಡನೆಯ ಸಂದೇಶ, ಕೇಬಲಿನೊಳಗಿನ ಒಂದು ರೋಧಕದ್ದು. ಅದು 680 ಓಮ್ ಆಗಿದ್ದರೆ ಕೇಬಲು 20 ಆಂಪಿಯರುಗಳನ್ನು ತಾಳಬಲ್ಲದೆಂದೂ, 220 ಆಗಿದ್ದರೆ 32 ಆಂಪಿಯರುಗಳನ್ನು ತಾಳಬಲ್ಲದೆಂದೂ ಅರ್ಥ. ಇವಲ್ಲದೆ ಕಿಂಡಿಯೊಳಗೆ ಉಷ್ಣತೆಯನ್ನು ಅಳೆಯುವ ಸಂವೇದಕವೂ ಇರುತ್ತದೆ.

ಉಷ್ಣತೆಯನ್ನೇಕೆ ಅಳೆಯಬೇಕು? ಸಂಪರ್ಕ ಸಡಿಲವಾಗಿ ಅಲ್ಲಿ 0.1 ಓಮ್ ರೋಧವಷ್ಟೇ ಉಂಟಾಯಿತೆನ್ನೋಣ. 16 ಆಂಪಿಯರ್ ಹರಿದಾಗ 16 × 16 × 0.1, ಅಂದರೆ 25.6 ವ್ಯಾಟ್ ಶಾಖ ಅಲ್ಲಿ ಹುಟ್ಟುತ್ತದೆ. ರೇಡಿಯೋ ದುರಸ್ತಿಯವರ ಬೆಸುಗೆ ಕೋಲಿಗೆ ಇಷ್ಟೇ ಶಾಖ ಸಾಕು! ಅಂತಹ ಕೋಲನ್ನು ಪ್ಲಾಸ್ಟಿಕ್ಕಿನೊಳಗೆ ಇರುಳಿಡೀ ಹೂತಿಟ್ಟರೆ ಏನಾದೀತೆಂದು ಹೇಳಬೇಕಾಗಿಲ್ಲ.

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತೇವದಿಂದ ಲೋಹಕ್ಕೆ ಕಿಲುಬು ಹಿಡಿದರೆ ಸಂದೇಶದ ವೋಲ್ಟುಗಳು ಏರುಪೇರಾಗುತ್ತವೆ. ಆದ್ದರಿಂದ ಮೊದಲು ವಿದ್ಯುತ್ತನ್ನು ಕಡಿದು, ಪ್ಲಗ್ಗನ್ನು ಕಳಚಿ, ದೀಪದ ಬೆಳಕಿನಲ್ಲಿ ಕಿಂಡಿಯನ್ನು ನೋಡಬೇಕು. ನೀರು, ಕೆಸರು, ಹಸುರು ಕಿಲುಬು, ಕರಕಲು ಇವೆಯೇ? ಬರಿಯ ತೇವವಾದರೆ ಒಣಗಲು ಬಿಡಬೇಕು. ಕಡ್ಡಿ, ಮೊಳೆಗಳನ್ನು ಒಳಗೆ ತೂರಿಸಕೂಡದು. ತರುವಾಯ ಬೇರೊಂದು ಚಾರ್ಜರನ್ನು ಜೋಡಿಸಿ ನೋಡಬೇಕು. ಆಗ ಕಾರು ಒಪ್ಪಿಕೊಂಡರೆ ದೋಷ ಕಾರಿನದಲ್ಲ. ಮೊದಲಿನ ಚಾರ್ಜರಿನದೋ ಅದಕ್ಕೆ ವಿದ್ಯುತ್ತು ಕೊಟ್ಟ ಮನೆಯದೋ ಆಗಿರಬೇಕು.

ಬೇಸಗೆಯಲ್ಲಿ ಇನ್ನೊಂದು ತೊಡಕು. ಮುರಕಲ್ಲಿನ ನೆಲ ಒಣಗಿದಾಗ ಮನೆಯ ಭೂಸಂಪರ್ಕ ದುರ್ಬಲವಾಗುತ್ತದೆ. ಇದನ್ನು ಪರೀಕ್ಷಿಸುವ ಚಾರ್ಜರುಗಳು ಕೆಲಸ ಮಾಡಲು ನಿರಾಕರಿಸುತ್ತವೆ. ಆಗ ರಿಪೇರಿ ಬೇಕಾದದ್ದು ಕಾರಿಗಲ್ಲ, ಅಂಗಳದ ಅರ್ತಿಂಗ್ ಗುಂಡಿಗೆ!

ಉಷ್ಣತಾ ಸಂವೇದಕವೇ ಕೆಟ್ಟಿದೆಯೆಂಬುದನ್ನು ಕಂಡುಹಿಡಿಯುವುದು ಹೇಗೆ? ಇರುಳಿಡೀ ನಿಂತ ಕಾರಿನಲ್ಲಿ ಅದು ಹೊರಗಿನ ಗಾಳಿಯ ಉಷ್ಣತೆಗೆ ಹತ್ತಿರವಾದ ಅಂಕೆಯನ್ನೇ ತೋರಿಸಬೇಕು. ದುರಸ್ತಿಗಾರನ ಉಪಕರಣ ಆ ಅಂಕೆಯನ್ನು ಓದಿ ಹೇಳುತ್ತದೆ. ಬಹಳ ಕಾರುಗಳಲ್ಲಿ ಸಂವೇದಕದ ರೋಧವು ಶಾಖ ಏರಿದಂತೆ ಇಳಿಯುತ್ತದೆ. ಅದರ ತಂತಿ ತುಂಡಾದರೆ ರೋಧ ಅಪಾರವಾಗಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನಂತಹ ಅಂಕೆ ಬರುವುದುಂಟು. ಪುತ್ತೂರಿನಲ್ಲಿ ಅಂತಹ ಚಳಿಯನ್ನು ಯಾರು ಕಂಡಿದ್ದಾರೆ! ಆಗ ಸಂವೇದಕವನ್ನೋ ಅದರ ತಂತಿಯನ್ನೋ ಬದಲಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಬೆಳಗ್ಗೆ ಸರಿಯಾಗಿದ್ದ ಅಂಕೆ ಚಾರ್ಜ್ ಆರಂಭವಾದೊಡನೆ ಮೇಲೇರುತ್ತ ಹೋದರೆ ಸಂವೇದಕ ನಿಜವನ್ನೇ ನುಡಿಯುತ್ತಿದೆ, ಸವೆದಿರುವುದು ಸಂಪರ್ಕ.

ಸಂವೇದಕದ ಸ್ಥಳದಲ್ಲಿ ಅಂಗಡಿಯ ರೋಧಕವೊಂದನ್ನು ಬೆಸೆದು ಕಾರನ್ನು ‘ಒಪ್ಪಿಸುವ’ ಉಪಾಯವೂ ಕೆಲವರಿಗೆ ಹೊಳೆಯಬಹುದು. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳನೇನೂ ಓಡಿಹೋಗುವುದಿಲ್ಲ. ಕಿಂಡಿಯ ಹಿಂದಿನ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಂತಕ ವೋಲ್ಟೇಜು ಇರಬಲ್ಲದು. ಅಲ್ಲಿ ಕೈಯಿಡಲು ತರಬೇತಿ ಪಡೆದವನೇ ಬೇಕು. ಕಿಂಡಿ ಒಣಗಿದರೂ, ಚಾರ್ಜರು ಬದಲಾದರೂ ಕಾರು ಒಪ್ಪದಿದ್ದರೆ, ರೋಗಿಗಾಗಿ ಬೇರೊಂದು ವಾಹನವನ್ನು ಕರೆಸುವುದೇ ವಿವೇಕ. ಯಂತ್ರವು ‘ಬೇಡ’ ಎಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ‘ಒಪ್ಪಿಸುವುದು ಹೇಗೆ?’ ಎಂದಲ್ಲ, ‘ಬೇಡವೇಕೆ?’ ಎಂದು.