ಬೈಬಲ್ಲಿನ ಕಾಲಸೂಚಕ ಪದಗಳು ಮತ್ತು ಅಲಂಕಾರಗಳು

ದಿನ, ಗಳಿಗೆ, ಜಾವ, ವಾರ, ತಿಂಗಳು, ವರ್ಷ ಮೊದಲಾದ ಕಾಲಸೂಚಕ ಪದಗಳು ಕ್ರೈಸ್ತರ ಪವಿತ್ರ ಗ್ರಂಥವಾದ ಬೈಬಲ್ಲಿನಲ್ಲಿ ಕೆಲವೆಡೆ ವಾಚ್ಯಾರ್ಥದಲ್ಲಿಯೂ ಕೆಲವೆಡೆ ಉಪಮೆ, ರೂಪಕ, ಅತಿಶಯೋಕ್ತಿ, ಲಕ್ಷಣೆಗಳಾಗಿಯೂ ಬಳಕೆಯಾಗಿವೆ. ಹಳೆ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯಲ್ಲಿಯೂ ಕೆಲವು ಭಾಗಗಳು ಅರಮೇಯಿಕ್ ಭಾಷೆಯಲ್ಲಿಯೂ ಇವೆ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿದೆ. ಆ ಕಾಲದ ಜನರು ದಿನಗಳನ್ನು ಎಣಿಸುತ್ತಿದ್ದ ಕ್ರಮ ಇಂದಿನ ಗಡಿಯಾರದ ಕ್ರಮದಂತಿರಲಿಲ್ಲ. ಈ ಭೇದವನ್ನು ಗಮನಿಸದೆ ಓದಿದರೆ ವಿರೋಧವಿಲ್ಲದ ಕಡೆ ವಿರೋಧ ಕಾಣುತ್ತದೆ, ಲೆಕ್ಕವಿಲ್ಲದ ಕಡೆ ಲೆಕ್ಕ ಹುಟ್ಟುತ್ತದೆ. ೧೮೪೪ರಲ್ಲಿ ಅಮೆರಿಕದ ಸಾವಿರಾರು ಜನರು ಇಂತಹ ಒಂದು ಲೆಕ್ಕವನ್ನು ನಂಬಿ ಕ್ರಿಸ್ತನ ಪುನರಾಗಮನಕ್ಕಾಗಿ ಕಾದು ನಿರಾಶರಾದರು.

ದಿನದ ಆರಂಭ ಮತ್ತು ವಿಭಾಗ

ಯೆಹೂದ್ಯರ ದಿನ ಸೂರ್ಯಾಸ್ತಕ್ಕೆ ಆರಂಭವಾಗಿ ಮರುದಿನದ ಸೂರ್ಯಾಸ್ತಕ್ಕೆ ಮುಗಿಯುತ್ತದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸಾಯಂಕಾಲವನ್ನು ಮೊದಲು, ಪ್ರಾತಃಕಾಲವನ್ನು ಅನಂತರ ಹೇಳಿರುವುದು ಈ ಕ್ರಮಕ್ಕೆ ಹೊಂದುತ್ತದೆ. ಶುಕ್ರವಾರ ಸಂಜೆಯೇ ಸಬ್ಬತ್ ದಿನ ಆರಂಭವಾಗುವುದೂ ಇದೇ ಕಾರಣದಿಂದ.

ಹೊಸ ಒಡಂಬಡಿಕೆಯ ಕಾಲದಲ್ಲಿ ಹಗಲನ್ನು ಹನ್ನೆರಡು ಭಾಗಗಳಾಗಿ ವಿಂಗಡಿಸುತ್ತಿದ್ದರು (ಯೋಹಾನ ೧೧:೯). ಸೂರ್ಯೋದಯದಿಂದ ಎಣಿಸುವುದರಿಂದ ಮೂರನೆಯ ಗಳಿಗೆ ಎಂದರೆ ಬೆಳಿಗ್ಗೆ ಸುಮಾರು ಒಂಬತ್ತು ಗಂಟೆ, ಆರನೆಯದು ನಡುಹಗಲು, ಒಂಬತ್ತನೆಯದು ಮಧ್ಯಾಹ್ನ ಸುಮಾರು ಮೂರು ಗಂಟೆ. ಹಗಲು ಋತುವಿಗನುಸಾರ ಬೆಳೆಯುವುದರಿಂದ ಅದರ ಹನ್ನೆರಡನೆಯ ಭಾಗವೂ ಬೆಳೆಯುತ್ತಿತ್ತು. ಜೆರುಸಲೇಮಿನಲ್ಲಿ ಅದು ಬೇಸಿಗೆಯಲ್ಲಿ ಸುಮಾರು ೭೦ ನಿಮಿಷ, ಚಳಿಗಾಲದಲ್ಲಿ ಸುಮಾರು ೫೦ ನಿಮಿಷ ಇರುತ್ತಿತ್ತು. ರಾತ್ರಿಯನ್ನು ಯೆಹೂದ್ಯರು ಹಿಂದೆ ಮೂರು ಕಾವಲುಗಳಾಗಿ ವಿಂಗಡಿಸುತ್ತಿದ್ದರು. ರೋಮನ್ನರ ಕ್ರಮದಲ್ಲಿ ನಾಲ್ಕು ಕಾವಲುಗಳಿದ್ದವು. ಮಾರ್ಕನ ಸುವಾರ್ತೆ (೧೩:೩೫) ಎಣಿಸುವುದು ಈ ನಾಲ್ಕನ್ನು. ಮೂರು ಗಂಟೆಗಳ ಅವಧಿಯನ್ನು ಸೂಚಿಸುವ ಕನ್ನಡದ ‘ಜಾವ’ ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಯೇಸುವನ್ನು ಮೂರನೆಯ ಗಳಿಗೆಯಲ್ಲಿ ಶಿಲುಬೆಗೇರಿಸಿದರೆಂದು ಮಾರ್ಕನೂ (೧೫:೨೫), ಸುಮಾರು ಆರನೆಯ ಗಳಿಗೆಯಲ್ಲಿ ಪಿಲಾತನ ಮುಂದೆ ನಿಲ್ಲಿಸಿದ್ದರೆಂದು ಯೋಹಾನನೂ (೧೯:೧೪) ಹೇಳುತ್ತಾರೆ. ಗಡಿಯಾರಗಳಿಲ್ಲದ ಕಾಲದಲ್ಲಿ ಹಗಲಿನ ನಾಲ್ಕು ಪಾಲುಗಳನ್ನೇ ಸ್ಥೂಲವಾಗಿ ಹೆಸರಿಸುತ್ತಿದ್ದರೆಂದು ಕೆಲವರು, ಯೋಹಾನನ ಎಣಿಕೆ ಬೇರೆಯೆಂದು ಕೆಲವರು, ಪ್ರತಿ ಮಾಡಿದವರ ದೋಷವೆಂದು ಇನ್ನು ಕೆಲವರು ಸಮಾಧಾನ ಹೇಳಿದ್ದಾರೆ. ಈ ಪ್ರಶ್ನೆಯಲ್ಲಿ ಒಮ್ಮತವಿಲ್ಲ.

ಮೂರು ಹಗಲು, ಮೂರು ರಾತ್ರಿ

ಯೋನನು ಮೀನಿನ ಹೊಟ್ಟೆಯಲ್ಲಿದ್ದಂತೆ ತಾನೂ ಮೂರು ಹಗಲು ಮೂರು ರಾತ್ರಿ ಭೂಮಿಯೊಳಗೆ ಇರುವುದಾಗಿ ಯೇಸು ಹೇಳಿದನೆಂದು ಮತ್ತಾಯನ ಸುವಾರ್ತೆಯಲ್ಲಿದೆ (೧೨:೪೦). ಆದರೆ ಸುವಾರ್ತೆಗಳ ಪ್ರಕಾರ ಸಬ್ಬತ್ತಿನ ಹಿಂದಿನ ದಿನ ಸಂಜೆ ಸಮಾಧಿಯಾಯಿತು. ವಾರದ ಮೊದಲ ದಿನ ಮುಂಜಾನೆ ಸಮಾಧಿ ಬರಿದಾಗಿತ್ತು. ಇದು ಸುಮಾರು ೩೬ ಗಂಟೆಗಳ ಅವಧಿ. ಪೂರ್ಣ ಮೂರು ಹಗಲು ಮೂರು ರಾತ್ರಿಗಳಿಗೆ ೭೨ ಗಂಟೆಗಳು ಬೇಕು.

ಯೆಹೂದ್ಯರ ಎಣಿಕೆಯಲ್ಲಿ ದಿನದ ಒಂದು ಅಂಶವನ್ನೂ ಪೂರ್ಣ ದಿನವೆಂದು ಹಿಡಿಯುತ್ತಿದ್ದರು. ಹಗಲು ರಾತ್ರಿಗಳು ಸೇರಿ ಒಂದು ಅವಧಿ, ಅವಧಿಯ ಭಾಗವೂ ಪೂರ್ಣ ಅವಧಿಗೆ ಸಮ ಎಂಬ ಅಭಿಪ್ರಾಯ ಜೆರುಸಲೇಮ್ ತಾಲ್ಮುದ್‌ನಲ್ಲಿ ದಾಖಲಾಗಿದೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ಲಕ್ಷಣೆ: ಭಾಗವನ್ನು ಸಮಗ್ರದ ಹೆಸರಿನಿಂದ ಕರೆಯುವುದು. ಬೈಬಲ್ಲಿನಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ಮೂರು ದಿನ ಹಗಲಿರುಳು ಉಪವಾಸವಿರಬೇಕೆಂದು ಹೇಳಿದ ರಾಣಿ ಎಸ್ತೇರಳು ಮೂರನೆಯ ದಿನವೇ ಅರಸನ ಬಳಿಗೆ ಹೋಗುತ್ತಾಳೆ (ಎಸ್ತೇರಳು ೪:೧೬, ೫:೧). ಮೂರು ದಿನಗಳಾದ ಮೇಲೆ ಬರುವಂತೆ ಅರಸ ರೆಹಬ್ಬಾಮ ಹೇಳಿದಾಗ ಜನರು ಮೂರನೆಯ ದಿನ ಬರುತ್ತಾರೆ (೨ ಪೂರ್ವಕಾಲವೃತ್ತಾಂತ ೧೦:೫, ೧೨). ಯೇಸುವಿನ ಒಂದೇ ಮಾತನ್ನು ಮಾರ್ಕನು ‘ಮೂರು ದಿನಗಳಾದ ಮೇಲೆ’ ಎಂದೂ (೮:೩೧) ಮತ್ತಾಯನು ‘ಮೂರನೆಯ ದಿನ’ ಎಂದೂ (೧೬:೨೧) ಬರೆಯುತ್ತಾರೆ. ಮೂರು ರಾತ್ರಿಗಳನ್ನು ಅಕ್ಷರಶಃ ಎಣಿಸಬೇಕೆನ್ನುವವರು ಶಿಲುಬೆಯ ಮರಣ ಬುಧವಾರ ಅಥವಾ ಗುರುವಾರ ನಡೆಯಿತೆಂದು ವಾದಿಸುತ್ತಾರೆ. ಈ ಅಭಿಪ್ರಾಯದವರು ಅಲ್ಪಸಂಖ್ಯಾತರು.

ಇಂತಹ ಎಣಿಕೆ ಕನ್ನಡಿಗರಿಗೆ ಅಪರಿಚಿತವಲ್ಲ. ಆಡುಮಾತಿನಲ್ಲಿ ಒಂದು ವಾರವನ್ನು ‘ಎಂಟು ದಿನ’ ಎಂದೂ ಎರಡು ವಾರಗಳನ್ನು ‘ಹದಿನೈದು ದಿನ’ ಎಂದೂ ಹೇಳುವುದು ವಾಡಿಕೆ. ಆರಂಭದ ದಿನವೂ ಕೊನೆಯ ದಿನವೂ ಲೆಕ್ಕಕ್ಕೆ ಸೇರುವುದರಿಂದ ಒಂದು ದಿನ ಹೆಚ್ಚುತ್ತದೆ. ಯೋಹಾನನ ಸುವಾರ್ತೆಯಲ್ಲಿ (೨೦:೨೬) ಎಂಟು ದಿನಗಳಾದ ಮೇಲೆ ಶಿಷ್ಯರು ಮತ್ತೆ ಕೂಡಿದ್ದರೆಂಬ ಮಾತಿಗೂ ಮುಂದಿನ ಭಾನುವಾರ ಎಂದೇ ಅರ್ಥ ಮಾಡುತ್ತಾರೆ.

ಅಲಂಕಾರವಾಗಿ ಕಾಲ

ಕೆಲವೆಡೆ ಕಾಲಸೂಚಕ ಪದ ಅವಧಿಯನ್ನೇ ಅಳೆಯುವುದಿಲ್ಲ. ತನ್ನ ಗಳಿಗೆ ಇನ್ನೂ ಬಂದಿಲ್ಲವೆಂದು ಯೇಸು ಹೇಳುವಾಗ (ಯೋಹಾನ ೨:೪) ಅದು ನಿಯಮಿತ ಸಮಯವನ್ನು, ವಿಶೇಷವಾಗಿ ಅವನ ಮರಣದ ಸಮಯವನ್ನು ಸೂಚಿಸುತ್ತದೆ. ಇಂದು, ನಾಳೆ, ಮೂರನೆಯ ದಿನ ಎಂಬ ಮಾತು (ಲೂಕ ೧೩:೩೨) ಸ್ವಲ್ಪವೇ ಉಳಿದ ನಿಶ್ಚಿತ ಅವಧಿಯನ್ನು ಹೇಳುವ ನುಡಿಗಟ್ಟು. ನಾವು ‘ಮೂರು ದಿನದ ಬಾಳು’ ಎಂದಾಗ ಯಾರೂ ದಿನಗಳನ್ನು ಲೆಕ್ಕ ಹಾಕುವುದಿಲ್ಲ.

ನಲವತ್ತು ಎಂಬ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ: ಜಲಪ್ರಳಯದ ಮಳೆ ೪೦ ದಿನ, ಮೋಶೆ ಸೀನಾಯ್ ಬೆಟ್ಟದಲ್ಲಿ ೪೦ ದಿನ, ಇಸ್ರಾಯೇಲ್ಯರ ಅಲೆದಾಟ ೪೦ ವರ್ಷ, ಯೇಸುವಿನ ಉಪವಾಸ ೪೦ ದಿನ. ಅದು ಪರೀಕ್ಷೆಯ ಹಾಗೂ ಸಿದ್ಧತೆಯ ಪೂರ್ಣ ಅವಧಿಯ ಸಂಕೇತವೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ.

ಸಾವಿರ ವರ್ಷಗಳು ದೇವರಿಗೆ ಒಂದು ದಿನದಂತೆ ಎಂಬ ಮಾತು (ಕೀರ್ತನೆ ೯೦:೪; ೨ ಪೇತ್ರ ೩:೮) ಉಪಮೆ. ‘ಅಂತೆ’ ಎಂಬ ಉಪಮಾವಾಚಕವನ್ನು ಮರೆತು ಇದನ್ನು ಗಣಿತದ ಸೂತ್ರವೆಂದು ಹಿಡಿದವರು ಲೋಕದ ಆಯುಷ್ಯವನ್ನು ಲೆಕ್ಕ ಹಾಕಿದ್ದಾರೆ. ಆದರೆ ಅದೇ ಕೀರ್ತನೆ ಸಾವಿರ ವರ್ಷಗಳನ್ನು ರಾತ್ರಿಯ ಒಂದು ಜಾವಕ್ಕೂ ಹೋಲಿಸುತ್ತದೆ. ಒಂದೇ ಅವಧಿ ದಿನಕ್ಕೂ ಜಾವಕ್ಕೂ ಸಮನಾಗಲಾರದು.

ಸೃಷ್ಟಿಯ ದಿನಗಳು

ದಿನ ಎಂಬರ್ಥದ ಹೀಬ್ರೂ ಪದ ‘ಯೋಮ್’ ಹಗಲನ್ನೂ, ಹಗಲಿರುಳನ್ನೂ, ಅನಿಶ್ಚಿತ ಕಾಲವನ್ನೂ ಸೂಚಿಸಬಲ್ಲದು. ಆದಿಕಾಂಡ ೨:೪ರಲ್ಲಿ ಅದೇ ಪದ ಸೃಷ್ಟಿಯ ಸಮಗ್ರ ಕಾಲಕ್ಕೆ ಅನ್ವಯಿಸುತ್ತದೆ. ಸೂರ್ಯನ ಸೃಷ್ಟಿ ನಾಲ್ಕನೆಯ ದಿನ ಆಗಿರುವುದರಿಂದ ಮೊದಲ ಮೂರು ದಿನಗಳು ಎಂತಹವು ಎಂಬ ಪ್ರಶ್ನೆ ಪ್ರಾಚೀನ ಕಾಲದಲ್ಲಿಯೇ ಎದ್ದಿತ್ತು. ಸಂತ ಅಗಸ್ಟೀನನು (೩೫೪–೪೩೦) ಸೃಷ್ಟಿ ಏಕಕಾಲದಲ್ಲಿ ಆಯಿತೆಂದೂ ಆರು ದಿನಗಳು ಸಾಮಾನ್ಯ ದಿನಗಳಲ್ಲವೆಂದೂ ಭಾವಿಸಿದನು. ಮಾರ್ಟಿನ್ ಲೂಥರನು (೧೪೮೩–೧೫೪೬) ಇದನ್ನು ಒಪ್ಪದೆ ಆರು ದಿನಗಳನ್ನು ವಾಚ್ಯಾರ್ಥದಲ್ಲಿಯೇ ಗ್ರಹಿಸಿದನು. ಎರಡೂ ಅಭಿಪ್ರಾಯಗಳಿಗೆ ಇಂದಿಗೂ ಅನುಯಾಯಿಗಳಿದ್ದಾರೆ.

ದಿನಕ್ಕೆ ಒಂದು ವರ್ಷ: ೧೮೪೪ರ ನಿರೀಕ್ಷೆ

ಅರಣ್ಯಕಾಂಡ ೧೪:೩೪ ಮತ್ತು ಯೆಹೆಜ್ಕೇಲ ೪:೬ರಲ್ಲಿ ಒಂದು ದಿನಕ್ಕೆ ಒಂದು ವರ್ಷದಂತೆ ಲೆಕ್ಕ ಹಿಡಿದಿದೆ. ಎರಡೂ ಕಡೆ ಆ ನಿಯಮ ಆಯಾ ಸಂದರ್ಭಕ್ಕಾಗಿ ಹೇಳಿದ್ದು. ಅದನ್ನು ಪ್ರವಾದನೆಗಳಿಗೆಲ್ಲ ಅನ್ವಯಿಸಿದವರಲ್ಲಿ ಅಮೆರಿಕದ ರೈತನೂ ಬೋಧಕನೂ ಆದ ವಿಲಿಯಂ ಮಿಲ್ಲರ್ (೧೭೮೨–೧೮೪೯) ಪ್ರಸಿದ್ಧನು. ದಾನಿಯೇಲ ೮:೧೪ರಲ್ಲಿ ಬರುವ ೨೩೦೦ ‘ಸಾಯಂಪ್ರಾತಃಕಾಲ’ಗಳನ್ನು ೨೩೦೦ ವರ್ಷಗಳೆಂದು ಹಿಡಿದು, ಕ್ರಿ.ಪೂ. ೪೫೭ರಿಂದ ಎಣಿಸಿ, ಕ್ರಿಸ್ತನು ೧೮೪೩ರ ಸುಮಾರಿಗೆ ಮರಳಿ ಬರುವನೆಂದು ಅವನು ಸಾರಿದನು. ಅನಂತರ ಅವನ ಅನುಯಾಯಿಗಳಲ್ಲಿ ೧೮೪೪ರ ಅಕ್ಟೋಬರ್ ೨೨ ಎಂಬ ದಿನಾಂಕ ಗಟ್ಟಿಯಾಯಿತು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಆ ದಿನ ಎಂದಿನಂತೆ ಕಳೆಯಿತು. ಇತಿಹಾಸದಲ್ಲಿ ಇದಕ್ಕೆ ‘ಮಹಾ ನಿರಾಶೆ’ ಎಂಬ ಹೆಸರಾಗಿದೆ. ಅನೇಕರು ಚಳವಳಿಯನ್ನು ತೊರೆದರು. ಉಳಿದವರಲ್ಲಿ ಕೆಲವರು ಆ ದಿನಾಂಕಕ್ಕೆ ಬೇರೆ ಅರ್ಥ ಕಂಡುಕೊಂಡರು, ಅವರಿಂದ ೧೮೬೩ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು.

ಅದೇ ವಾಕ್ಯವನ್ನು ಅನೇಕ ವಿದ್ವಾಂಸರು ಬೇರೆ ರೀತಿಯಲ್ಲಿ ಓದುತ್ತಾರೆ. ದೇವಾಲಯದಲ್ಲಿ ದಿನವೂ ಬೆಳಿಗ್ಗೆ ಒಂದು, ಸಂಜೆ ಒಂದು ಬಲಿ ನಡೆಯುತ್ತಿದ್ದುದರಿಂದ ೨೩೦೦ ಬಲಿಗಳೆಂದರೆ ೧೧೫೦ ದಿನಗಳು. ಅರಸ ನಾಲ್ಕನೆಯ ಅಂತಿಯೋಕನು ಕ್ರಿ.ಪೂ. ೧೬೭ರಲ್ಲಿ ಅಪವಿತ್ರಗೊಳಿಸಿದ ದೇವಾಲಯ ಕ್ರಿ.ಪೂ. ೧೬೪ರಲ್ಲಿ ಶುದ್ಧಿಯಾದ ಘಟನೆಗೆ ಇದು ಸಂಬಂಧಿಸಿದ್ದೆಂದು ಅವರ ಅಭಿಪ್ರಾಯ.

ಅರ್ಥೈಸುವ ಕ್ರಮ

ಕಾಲಸೂಚಕ ಪದವೊಂದು ಎದುರಾದಾಗ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಈ ಅಂಶಗಳನ್ನು ಪರಿಶೀಲಿಸುತ್ತಾರೆ.

೧. ಗ್ರಂಥಭಾಗ ಚರಿತ್ರೆಯೋ, ಕಾವ್ಯವೋ, ದರ್ಶನವೋ ಎಂಬುದು.
೨. ಅದೇ ಮಾತು ಬೈಬಲ್ಲಿನ ಬೇರೆ ಕಡೆ ಯಾವ ಅರ್ಥದಲ್ಲಿ ಬಂದಿದೆ ಎಂಬುದು.
೩. ಆ ಕಾಲದ ಜನರು ದಿನ, ಗಳಿಗೆಗಳನ್ನು ಎಣಿಸುತ್ತಿದ್ದ ರೂಢಿ.
೪. ವಾಕ್ಯದಲ್ಲಿ ಹೋಲಿಕೆಯ ಪದ ಇದೆಯೇ ಎಂಬುದು.
೫. ಮೊದಲ ಶ್ರೋತೃಗಳಿಗೆ ಆ ಮಾತಿನಿಂದ ಏನು ತಿಳಿಯುತ್ತಿತ್ತು ಎಂಬುದು.

ಅಲಂಕಾರವೆಂದು ಗುರುತಿಸಿದ ಮಾತ್ರಕ್ಕೆ ಹೇಳಿಕೆ ಸುಳ್ಳಾಗುವುದಿಲ್ಲ; ಅದು ಯಾವ ಬಗೆಯ ಹೇಳಿಕೆ ಎಂಬುದಷ್ಟೇ ಸ್ಪಷ್ಟವಾಗುತ್ತದೆ. ಲೋಕಾಂತ್ಯದ ದಿನವಾಗಲಿ ಗಳಿಗೆಯಾಗಲಿ ತಂದೆಯ ಹೊರತು ಯಾರಿಗೂ ತಿಳಿಯದೆಂದು ಮಾರ್ಕನ ಸುವಾರ್ತೆಯೇ (೧೩:೩೨) ಹೇಳುತ್ತದೆ. ದಿನಾಂಕ ನಿಗದಿಪಡಿಸುವ ಪ್ರಯತ್ನಗಳನ್ನು ವಿರೋಧಿಸುವ ಕ್ರೈಸ್ತರು ಮುಖ್ಯವಾಗಿ ಈ ವಾಕ್ಯವನ್ನು ಆಧಾರವಾಗಿ ಮುಂದಿಡುತ್ತಾರೆ.