ಬಾಯಾರಿದ ಕಬ್ಬಿಗೆ ಮಣ್ಣಿನ ಆಸರೆ

ಬೆಳಗಿನ ಚಹಾಕ್ಕೆ ನೀವು ಹಾಕುವ ಸಕ್ಕರೆಯ ಹಿಂದೆ ಎಷ್ಟು ನೀರಿದೆಯೆಂದು ಎಂದಾದರೂ ಯೋಚಿಸಿದ್ದೀರಾ? ಕಬ್ಬು ಹತ್ತು-ಹನ್ನೆರಡು ತಿಂಗಳ ಬೆಳೆ. ಅದು ಕೈಗೆ ಬರಲು ಸುಮಾರು 1500ರಿಂದ 2500 ಮಿಲಿಮೀಟರ್ ನೀರು ಬೇಕು. ಮಂಡ್ಯ, ಬಾಗಲಕೋಟೆಯಂತಹ ಜಿಲ್ಲೆಗಳಲ್ಲಿ ಅಷ್ಟು ಮಳೆಯಿಲ್ಲ. ಉಳಿದುದನ್ನು ಕಾಲುವೆ, ಕೊಳವೆಬಾವಿಗಳೇ ಕೊಡಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಆಗ ಕಾಲುವೆಯ ನೀರಿಗೂ ಕೊರತೆ ಬಂತು.

ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದ ನೀರನ್ನು ಹಿಡಿದಿಡಲು ಮಣ್ಣನ್ನು ಸಿದ್ಧಪಡಿಸಬಹುದು.

ಮೊದಲನೆಯದು, ಕಬ್ಬಿನ ರವದಿ. ಕಟಾವಿನ ನಂತರ ಇದಕ್ಕೆ ಬೆಂಕಿ ಹಚ್ಚುವವರೇ ಹೆಚ್ಚು. ಸುಡದೆ ಸಾಲುಗಳ ನಡುವೆ ಹಾಸಿದರೆ ನೆಲದ ತೇವ ಬೇಗನೆ ಆರುವುದಿಲ್ಲ, ಕಳೆಯೂ ಕಡಿಮೆ. ಕೂಳೆ ಬೆಳೆಗೆ ಇದು ಬಹಳ ಉಪಕಾರಿ. ರವದಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಸ್ವಲ್ಪ ಯೂರಿಯಾವನ್ನೋ ಸಗಣಿ ಬಗ್ಗಡವನ್ನೋ ಅದರ ಮೇಲೆ ಹಾಕಬೇಕು.

ಎರಡನೆಯದು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಪ್ರೆಸ್‌ಮಡ್. ಇದರಲ್ಲಿ ಸಾವಯವ ಅಂಶ, ರಂಜಕ, ಸುಣ್ಣ ಇವೆ. ಹಸಿಯಾಗಿ ಹಾಕಿದರೆ ಕಾವೇರಿ ಬೇರಿಗೆ ಹಾನಿಯಾದೀತು. ಆದುದರಿಂದ ಚೆನ್ನಾಗಿ ಕಳಿತ ನಂತರವೇ ಬಳಸಿರಿ. ಕೊಟ್ಟಿಗೆ ಗೊಬ್ಬರಕ್ಕೂ ಇದೇ ಮಾತು. ಸಾವಯವ ಅಂಶ ಹೆಚ್ಚಿದಂತೆ ಮಣ್ಣು ಸಡಿಲವಾಗುತ್ತದೆ, ಬೇರು ಆಳಕ್ಕಿಳಿಯುತ್ತದೆ, ನೀರು ಹೆಚ್ಚು ಕಾಲ ನಿಲ್ಲುತ್ತದೆ.

ಮೂರನೆಯದು, ಪೊಟ್ಯಾಷ್. ಎಲೆಯ ಸೂಕ್ಷ್ಮ ರಂಧ್ರಗಳು ತೆರೆದು ಮುಚ್ಚಿಕೊಳ್ಳುವುದು ಇದರ ನೆರವಿನಿಂದ. ಇದರ ಕೊರತೆಯಿದ್ದರೆ ಗಿಡ ತನ್ನಲ್ಲಿರುವ ನೀರನ್ನು ವೃಥಾ ಕಳೆದುಕೊಳ್ಳುತ್ತದೆ. ಒಲೆಯ ಬೂದಿಯಲ್ಲಿಯೂ ಪೊಟ್ಯಾಷ್ ಇದೆ. ಆದರೆ ಕ್ಷಾರದ ಮಣ್ಣಿಗೆ ಬೂದಿ ಸಲ್ಲದು. ಅತಿ ನೀರಾವರಿಯಿಂದ ಸೋಡಿಯಂ ಸೇರಿ ಗಟ್ಟಿಯಾದ ಕಪ್ಪು ನೆಲಕ್ಕೆ ಜಿಪ್ಸಂ ಬೇಕು, ಜೊತೆಗೆ ನೀರು ಬಸಿದುಹೋಗುವ ದಾರಿಯೂ ಬೇಕು.

ಯಾವುದನ್ನು ಎಷ್ಟು ಹಾಕಬೇಕೆಂಬುದನ್ನು ಊಹಿಸಬೇಡಿ. ಹೊಲದ ನಾಲ್ಕಾರು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಿರಿ. ಇವೆಲ್ಲ ನೀರಿಗೆ ಬದಲಿಯಲ್ಲ. ಎರಡು ನೀರಿನ ನಡುವಿನ ದಿನಗಳನ್ನು ತಾಳಿಕೊಳ್ಳುವ ಶಕ್ತಿ ಮಾತ್ರ.

ಸಹೋದರಿಯರೇ, ಪಹಣಿಯಲ್ಲಿ ನಿಮ್ಮ ಹೆಸರಿಲ್ಲದಿರಬಹುದು. ಆದರೆ ಬೆಳೆ ಒಣಗಿದಾಗ ಅಡವಿಗೆ ಹೋಗುವುದು ನಿಮ್ಮ ಕೈಯ ಬಳೆ, ನಿಲ್ಲುವುದು ಮಗಳ ಓದು. ಆದುದರಿಂದ ಈ ಸಲ ಕಟಾವು ಮುಗಿದಾಗ, ರವದಿಗೆ ಬೆಂಕಿ ಹಚ್ಚುವ ಮುನ್ನ ಮನೆಯಲ್ಲಿ ಒಂದು ಮಾತು ಎತ್ತಿರಿ.