ಮಾರ್ಫಿನ್ ಅಂದರೆ ಚಟವೇ?

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿನಲ್ಲಿ ಬಾಯಿ ಕ್ಯಾನ್ಸರಿನ ನೋವು ತಡೆಯಲಾರದ ಹಂತಕ್ಕೆ ಬಂದವರಿಗೆ ಹುಬ್ಬಳ್ಳಿಯ ವೈದ್ಯರು ಮಾರ್ಫಿನ್ ಗುಳಿಗೆ ಬರೆದರೆಂದುಕೊಳ್ಳಿ. ಅದು ಅಫೀಮಿನಿಂದ ತೆಗೆದದ್ದೆಂದು ತಿಳಿದೊಡನೆ ಮನೆಯವರ ಮೊದಲ ಮಾತು, ‘ಚಟ ಹತ್ತಿದರ ಹೆಂಗ್ರಿ?’ ಮುಂದೆ 10 ಮಿಲಿಗ್ರಾಂ ಸಾಲದೆ 15 ಬೇಕಾದರಂತೂ ಸಂಶಯ ಗಟ್ಟಿಯಾಗುತ್ತದೆ. ಗೆಡ್ಡೆ ಬೆಳೆದು ನೋವೇ ಹೆಚ್ಚಿರಬಹುದು. ದೇಹ ಔಷಧಕ್ಕೆ ಒಗ್ಗಿಕೊಂಡಿರಲೂಬಹುದು. ಎರಡೂ ಚಟವಲ್ಲ. ಏಕೆಂಬುದನ್ನು ಜೀವಕೋಶದ ಒಳಗೆ ಇಣುಕಿಯೇ ತಿಳಿಯಬೇಕು.

ಮಿದುಳಿನಲ್ಲಿ ಅಫೀಮಿನ ಅಂಶವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ ಎಂದು 1973ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಗಸಗಸೆ ಗಿಡದ ಹಾಲಿಗೆ ನಮ್ಮ ಮಿದುಳೇಕೆ ಜಾಗ ಕಾದಿರಿಸಿದೆ? 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕೊಸ್ಟರ್ಲಿಟ್ಸ್ ಇದಕ್ಕೆ ಉತ್ತರ ಕೊಟ್ಟರು: ನೋವು ತಗ್ಗಿಸುವ ಎನ್‌ಕೆಫಾಲಿನ್ ಎಂಬುದನ್ನು ದೇಹವೇ ತಯಾರಿಸುತ್ತದೆ, ಮಾರ್ಫಿನ್ ಅದರ ಜಾಗದಲ್ಲಿ ಬಂದು ಕೂರುತ್ತದೆ. ಮಾರ್ಫಿನ್ ಮುಖ್ಯವಾಗಿ ಹಿಡಿಯುವುದು ‘ಮ್ಯೂ’ ಗ್ರಾಹಕವನ್ನು. ಇದು ಕೌದಿಯ ದಾರದಂತೆ ಕೋಶದ ಪೊರೆಯನ್ನು ಏಳು ಸಲ ಹಾದುಹೋದ ಪ್ರೋಟೀನು. ಹೊರಗೆ ಮಾರ್ಫಿನ್ ಕೂತರೆ ಒಳಗಿರುವ ಜಿ-ಪ್ರೋಟೀನ್ ಎರಡು ಹೋಳಾಗುತ್ತದೆ. ಒಂದು ಹೋಳು ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ತಯಾರಿಯನ್ನು ತಗ್ಗಿಸಿದರೆ, ಇನ್ನೊಂದು ಕ್ಯಾಲ್ಸಿಯಂ ಒಳಬರುವ ದಾರಿ ಮುಚ್ಚಿ ಪೊಟ್ಯಾಸಿಯಂ ಹೊರಹೋಗುವ ದಾರಿ ತೆರೆಯುತ್ತದೆ. ಗಾಯ ಇದ್ದಲ್ಲೇ ಇರುತ್ತದೆ. ಅದರ ಸುದ್ದಿ ಮುಂದಿನ ನರಕ್ಕೆ ದಾಟುವುದು ಕಡಿಮೆಯಾಗುತ್ತದೆ.

ಕೋಶ ಇಷ್ಟಕ್ಕೆ ಸುಮ್ಮನಿರುವುದಿಲ್ಲ. ಜಿಆರ್‌ಕೆ ಎಂಬ ಕಿಣ್ವಗಳು ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಆ ಗುರುತು ಹಿಡಿದು ಬರುವ ಅರೆಸ್ಟಿನ್, ಜಿ-ಪ್ರೋಟೀನಿಗೆ ಅಡ್ಡ ನಿಲ್ಲುತ್ತದೆ. ಕೆಲವು ಗ್ರಾಹಕಗಳನ್ನು ಕೋಶ ಒಳಕ್ಕೆಳೆದುಕೊಂಡು ಮತ್ತೆ ಪೊರೆಗೆ ಕಳಿಸುತ್ತದೆ, ಕೆಲವನ್ನು ಒಡೆದುಹಾಕುತ್ತದೆ. ಔಷಧ ವಾರಗಟ್ಟಲೆ ಮುಂದುವರಿದರೆ ಸೈಕ್ಲಿಕ್ ಎಎಂಪಿ ತಯಾರಿಸುವ ಬಲವನ್ನೇ ಹೆಚ್ಚಿಸಿಕೊಂಡು ಸರಿದೂಗಿಸುತ್ತದೆ. ಆಗ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ತಡೆ ಹೋಗಿ ಬಲ ಮಾತ್ರ ಉಳಿಯುತ್ತದೆ: ಬೆವರು, ಭೇದಿ, ಚಡಪಡಿಕೆ. ಇದು ಯಾರ ದೇಹದಲ್ಲಾದರೂ ಆಗುವಂಥದ್ದು. ಚಟವೆಂದರೆ ಕೇಡು ಕಣ್ಣೆದುರಿದ್ದರೂ ಬಿಡಲಾಗದೆ ಅದರ ಹಿಂದೆಯೇ ಓಡುವುದು. ಗುಳಿಗೆ ನುಂಗಿದ ಮೇಲೆ ನಾಲ್ಕು ತುತ್ತು ಗಂಜಿ ಉಂಡು, ಮೊಮ್ಮಗನೊಡನೆ ಮಾತಾಡುವ ಅಜ್ಜಿಗೆ ಆ ಹೆಸರು ಹಚ್ಚುವುದು ಅನ್ಯಾಯ.

ಅಮೆರಿಕದಲ್ಲಿ ಇಂಥ ಔಷಧಗಳಿಂದಲೇ ಲಕ್ಷಾಂತರ ಜನ ಸತ್ತರಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡದಲ್ಲೂ ಇದೇ ಗ್ರಾಹಕವಿದೆ. ಅಳತೆ ಮೀರಿದರೆ ಉಸಿರೇ ನಿಲ್ಲುತ್ತದೆ. ಈ ಅಪಾಯ ಬರುವುದು ಅರೆಸ್ಟಿನ್ ಮೂಲಕವೆಂದು ಊಹಿಸಿ, ಆ ದಾರಿಯನ್ನು ತಪ್ಪಿಸಿದರೆ ಅಪಾಯವೂ ತಪ್ಪೀತೆಂಬ ಆಸೆಯಿಂದ ರೂಪಿಸಿದ ಒಲಿಸೆರಿಡಿನ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಆದರೆ ಉಸಿರಾಟದ ಎಚ್ಚರಿಕೆ ಅದರ ಮೇಲೂ ಇದೆ. ಅಪಾಯ ನಿಜವೆಂದಮೇಲೆ ಬೇಕಾದದ್ದು ಅಳತೆ ಮತ್ತು ನಿಗಾ. ನಮ್ಮಲ್ಲಿ 1985ರ ಮಾದಕವಸ್ತು ಕಾನೂನಿನ ಬಿಗಿಯಲ್ಲಿ ಮಾರ್ಫಿನ್ ಇಡಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಬೇಕಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಮನೆಯಲ್ಲಿ ಗುಳಿಗೆಯನ್ನು ಬೀಗದೊಳಗೆ ಇಡಬೇಕು, ವೈದ್ಯರನ್ನು ಕೇಳದೆ ಏರಿಸಲೂಬಾರದು, ನಿಲ್ಲಿಸಲೂಬಾರದು. ಜೊತೆಗೆ ಮಲಬದ್ಧತೆಗೆ ಔಷಧ ಕೇಳಿ ಪಡೆಯಬೇಕು: ಮಿದುಳು ಮಾರ್ಫಿನ್‌ಗೆ ಒಗ್ಗಿದರೂ ಕರುಳು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ.